ಕಂಡಕ್ಟರಮ್ಮ ಬೆಟ್ಟ ಹತ್ತಿದ ದಿನ

ಡಿಪೋದಲ್ಲಿ ಎಲ್ಲರೂ ಅವಳನ್ನು ಮುಂದಕ್ಕಮ್ಮ ಎನ್ನುತ್ತಿದ್ದರು. ಏಳನೇ ನಂಬರಿನ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರಾಗಿದ್ದು, ದಿನವಿಡೀ "ಮುಂದಕ್ಕೆ ಹೋಗಿ, ಮುಂದಕ್ಕೆ ಹೋಗಿ" ಎಂದು ಕೂಗಿ ಕೂಗಿ ಸಂಪಾದಿಸಿದ ಹೆಸರು ಅದು. ನಿವೃತ್ತಿಯಾಗಿ ಎರಡು ತಿಂಗಳಾಗಿತ್ತು. ಕಾಲುಗಳಿಗೆ ಮಾತ್ರ ಇನ್ನೂ ಆ ಸುದ್ದಿ ಮುಟ್ಟಿರಲಿಲ್ಲ. ಒಲೆಯ ಮುಂದೆ ನಿಂತರೂ, ಯಾವಾಗ ಬ್ರೇಕ್ ಬೀಳುತ್ತದೋ ಎಂಬಂತೆ ಪಾದ ಅಗಲಿಸಿಯೇ ನಿಲ್ಲುತ್ತಿದ್ದಳು. "ಅತ್ತೆ, ನಮ್ಮ ಮನೆ ಎಲ್ಲಿಗೂ ಹೊರಟಿಲ್ಲ" ಎಂದು ಸೊಸೆ ನಗುತ್ತಿದ್ದಳು.

ದ್ವೀಪದಲ್ಲಿದ್ದ ತಂಗಿಗೆ ಕಣ್ಣಿನ ಆಪರೇಷನ್ ಆಗಿತ್ತು. ಒಂದು ತಿಂಗಳು ಜೊತೆಗಿದ್ದು ಅಡುಗೆ ನೋಡಿಕೊಳ್ಳಲು ಇವಳು ಹೊರಟಳು. ರೈಲು ಬೆಳಿಗ್ಗೆ ಎಂಟಕ್ಕೆ ಬಂದರಿನ ಊರಲ್ಲಿ ಇಳಿಸಿತು. ದ್ವೀಪದ ದೋಣಿ ಇದ್ದದ್ದು ಸಂಜೆ ನಾಲ್ಕಕ್ಕೆ. "ವೇಟಿಂಗ್ ರೂಮ್ ಬಿಟ್ಟು ಕದಲಬೇಡಿ" ಎಂದು ಸೊಸೆ ಹೇಳಿಯೇ ಕಳಿಸಿದ್ದಳು.

ಅರ್ಧ ಗಂಟೆ ಕದಲದೆ ಕೂತಳು. ಆದರೆ ಎದುರಿನ ಕಿಟಕಿಯಲ್ಲಿ ಊರು ಕಾಣುತ್ತಿತ್ತು. ಒಂದು ಮನೆಯ ತಾರಸಿ ಮುಗಿದಲ್ಲೇ ಇನ್ನೊಂದು ಮನೆಯ ಅಂಗಳ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬೆಟ್ಟದ ನೆತ್ತಿಯವರೆಗೂ ಮನೆಗಳು. ಮೂವತ್ತೊಂದು ವರ್ಷ ಊರು ಸುತ್ತಿದರೂ ತಾನು ಒಂದು ಸ್ಟಾಪಿನಲ್ಲಾದರೂ ಇಳಿದು ಆ ಬೀದಿಯಲ್ಲಿ ಏನಿದೆ ಎಂದು ನೋಡಿದವಳಲ್ಲ ಎಂಬುದು ಹೊಳೆಯಿತು. ಎದ್ದಳು. ಪೆಟ್ಟಿಗೆಯನ್ನು ಲಗೇಜ್ ರೂಮಿಗೆ ಕೊಟ್ಟು ಹೊರಬಿದ್ದಳು. ಬಸ್ಸು ಹತ್ತಬಾರದು, ಯಾರನ್ನೂ ದಾರಿ ಕೇಳಬಾರದು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು. ಜನ್ಮವಿಡೀ ಊರಿಗೆಲ್ಲ ದಾರಿ ಹೇಳಿದ್ದು ಸಾಕಾಗಿತ್ತು.

ಮೀನಿನ ಬುಟ್ಟಿಗಳ ಸಾಲು ದಾಟಿದ ಮೇಲೆ ರಸ್ತೆ ಎಂಬುದೇ ಉಳಿಯಲಿಲ್ಲ, ಬರೀ ಮೆಟ್ಟಿಲು. ಮೂರನೇ ಮಹಡಿಯ ಹೆಂಗಸೊಬ್ಬಳು ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟು ಬ್ರೆಡ್ ತರಿಸಿಕೊಳ್ಳುತ್ತಿದ್ದಳು. ಎರಡು ಮನೆಗಳ ನಡುವಿನ ಹಗ್ಗದಲ್ಲಿ ಯಾರದೋ ದೊಡ್ಡ ಪ್ಯಾಂಟು ಗಾಳಿ ತುಂಬಿಕೊಂಡು ನಡೆಯುವಂತೆ ಕಾಲಾಡಿಸುತ್ತಿತ್ತು. ಒಮ್ಮೆ ಓಣಿ ತಿರುಗಿದರೆ ಸಮುದ್ರ ಕಾಣುತ್ತಿತ್ತು. ಮತ್ತೆ ತಿರುಗಿದರೆ ಮಾಯ. ಪಾರ್ಸಲ್ ಹೊತ್ತ ಗಂಡಸೊಬ್ಬ ಅವಳನ್ನೇ ತಡೆದು, "ಅಮ್ಮಾ, ಹೆಣ್ಮಕ್ಕಳ ಶಾಲೆ ಎಲ್ಲಿ ಬರುತ್ತೆ?" ಎಂದ. "ಕೆಳಗೆ ಎರಡನೇ ತಿರುವು, ನೀಲಿ ಗೇಟು" ಎಂದು ಬಾಯಿ ತಾನಾಗಿ ಹೇಳಿಬಿಟ್ಟಿತು. ಆಮೇಲೆ ನೆನಪಾಯಿತು, ಆ ಗೇಟು ದಾಟಿ ಬಂದು ಐದು ನಿಮಿಷವೂ ಆಗಿರಲಿಲ್ಲ. ತನ್ನಷ್ಟಕ್ಕೆ ನಕ್ಕಳು.

ಹನ್ನೆರಡರ ಹೊತ್ತಿಗೆ ಮೊಣಕಾಲುಗಳು ಮುಷ್ಕರ ಹೂಡಿದವು. ಮೆಟ್ಟಿಲಿನ ಒಂದು ತಿರುವಿನಲ್ಲಿ ಪುಟ್ಟ ಕ್ಷೌರದಂಗಡಿ ಇತ್ತು. ಬಾಗಿಲಲ್ಲಿ ಪೇಪರ್ ಓದುತ್ತಿದ್ದ ಮುದುಕ ಕನ್ನಡಕದ ಮೇಲಿಂದ ನೋಡಿ, "ಬನ್ನಿ ತಾಯಿ, ಒಳಗೆ ಕೂತ್ಕೊಳ್ಳಿ. ಗಿರಾಕಿ ಯಾರೂ ಇಲ್ಲ" ಎಂದ.

ಒಳಗೆ ಇದ್ದದ್ದು ಒಂದೇ ಕುರ್ಚಿ, ಕ್ಷೌರದ್ದು. ಸಂಕೋಚದಿಂದಲೇ ಕೂತಳು. ಎದುರು ಕನ್ನಡಿ ಇರಬೇಕಾದ ಜಾಗದಲ್ಲಿ ಕಿಟಕಿ. ಕಿಟಕಿ ತುಂಬ ಸಮುದ್ರ.

"ಕನ್ನಡಿ ಇಲ್ವಾ?"

"ಇತ್ತು. ಜನ ತಮ್ಮ ಮುಖ ನೋಡ್ಕೊಂಡು ತಲೆ ಆಡಿಸ್ತಿದ್ರು, ಕಿವಿ ಕುಯ್ದು ಹೋಗೋದು. ತೆಗೆಸಿಬಿಟ್ಟೆ. ಸಮುದ್ರ ನೋಡ್ತಾ ಇದ್ರೆ ಸುಮ್ಮನಿರ್ತಾರೆ."

ಅವನು ಪೀಠದ ಹಿಂಬದಿಯನ್ನು ಸ್ವಲ್ಪ ವಾಲಿಸಿಕೊಟ್ಟ. ಅವಳು ಕಾಲು ಚಾಚಿ ತನ್ನ ಕೆಲಸದ ವಿಚಾರ ಹೇಳತೊಡಗಿದಳು. ಏಳನೇ ನಂಬರು, ಹದಿನಾರು ಸ್ಟಾಪು, ಮಳೆಗಾಲದಲ್ಲಿ ಸೋರುವ ಹಿಂದಿನ ಸೀಟು. "ಎಲ್ಲರಿಗೂ ಸೀಟು ಕೊಡಿಸ್ತಿದ್ದೆ, ನಾನು ಮಾತ್ರ..." ಎಂಬಲ್ಲಿಗೆ ಮಾತು ನಿಂತಿತು.

ಕಣ್ಣು ಬಿಟ್ಟಾಗ ಗಡಿಯಾರ ಮೂರು ತೋರಿಸುತ್ತಿತ್ತು. ಮೈಮೇಲೆ ಯಾರದೋ ಶಾಲು. ಹೊರಗೆ ಇಣುಕಿದರೆ, ಮೆಟ್ಟಿಲ ಮೇಲೆ ಸ್ಟೂಲು ಹಾಕಿ ಮುದುಕ ಒಬ್ಬರ ಗಡ್ಡ ಹೆರೆಯುತ್ತಿದ್ದ. ನೊರೆಯ ಬಟ್ಟಲು ಕಟ್ಟೆಯ ಮೇಲಿತ್ತು. ಇನ್ನೂ ಮೂವರು ಕಾಯುತ್ತಾ ಪಿಸುಪಿಸು ಮಾತಾಡುತ್ತಿದ್ದರು.

ಅವಳಿಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು. "ಎಬ್ಬಿಸಬಾರದಿತ್ತಾ?"

"ಏನಂತ ಎಬ್ಬಿಸ್ಲಿ ತಾಯಿ? ಅಷ್ಟು ಚೆನ್ನಾಗಿ ಗೊರಕೆ ಹೊಡೀತಿದ್ರಿ" ಎಂದ ಮುದುಕ, ಕತ್ತಿಯಿಂದ ಕಣ್ಣು ತೆಗೆಯದೆ.

ನಾಲ್ಕಕ್ಕೆ ದೋಣಿ ಎಂದು ಅವಳು ಹೇಳಿದ್ದೇ ತಡ, ಮೇಲಿನ ಮನೆಯಿಂದ ಅವನ ಹೆಂಡತಿ ಚಪ್ಪಲಿ ಮೆಟ್ಟಿಕೊಂಡು ಇಳಿದು ಬಂದಳು. ಶಾಲು ಅವಳದೇ. "ಮೆಟ್ಟಿಲಲ್ಲಿ ಹೋದ್ರೆ ದೋಣಿ ಸಿಗಲ್ಲ. ನನ್ನ ಜೊತೆ ಬನ್ನಿ ಅಕ್ಕ." ಅಲ್ಲಿಂದ ಶುರುವಾಯಿತು ಒಳದಾರಿ: ಒಬ್ಬರ ಹಿತ್ತಿಲು, ಇನ್ನೊಬ್ಬರ ತಾರಸಿ, ಕೊನೆಗೆ ಒಂದು ಮನೆಯ ಅಡುಗೆಮನೆಯೊಳಗಿಂದಲೇ. ಅಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಗಂಡಸು ಕಣ್ಣೊರೆಸಿಕೊಳ್ಳುತ್ತಾ ಕಾಲು ಮಡಚಿ ದಾರಿ ಬಿಟ್ಟ. "ನನ್ನ ಮೈದುನ" ಎಂದಳು ಆಕೆ, ನಿಲ್ಲದೆ. ಇಳಿಜಾರಿನಲ್ಲಿ ಕಂಡಕ್ಟರಮ್ಮನ ತೋಳು ಹಿಡಿದವಳು ಬಂದರಿನವರೆಗೂ ಬಿಡಲಿಲ್ಲ. ಪೆಟ್ಟಿಗೆ ಬಿಡಿಸಿಕೊಂಡು ದೋಣಿ ಹತ್ತುವಾಗ ಇನ್ನೂ ಹತ್ತು ನಿಮಿಷ ಉಳಿದಿತ್ತು.

"ಬರುವಾಗ ಮನೆಗೆ ಬನ್ನಿ" ಎಂದಳು ಆಕೆ. ಹಾಗೆ ಎಲ್ಲರೂ ಅನ್ನುತ್ತಾರೆ. ಇವಳು ಮಾತ್ರ ಅದನ್ನು ನಿಜವೆಂದೇ ತಿಳಿದಳು.

ದ್ವೀಪದ ಕಟ್ಟೆಯಲ್ಲಿ ತಂಗಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಕಾಯುತ್ತಿದ್ದಳು. "ಅಷ್ಟು ಹೊತ್ತು ಕೂತು ಬೇಜಾರಾಯ್ತೇನೋ ಅಕ್ಕ?" ಎಂದು ಕೇಳಿದವಳು, ನಡೆದದ್ದು ಕೇಳಿ ಪಟ್ಟಿ ಜಾರುವಷ್ಟು ನಕ್ಕಳು. "ನಿನಗೆ ಹುಚ್ಚು" ಎಂದಳು. ಮರುದಿನ ಅದನ್ನೇ ಪಕ್ಕದ ಮನೆಯವರಿಗೆ ಹೆಮ್ಮೆಯಿಂದ ಹೇಳಿಕೊಂಡಳು.

ತಿಂಗಳಾದ ಮೇಲೆ ವಾಪಸು ಹೊರಟಾಗ, ದೋಣಿಗೂ ರೈಲಿಗೂ ನಡುವೆ ಒಂದು ಇಡೀ ಹಗಲು ಸಿಗುವಂತೆ ಅವಳು ಟಿಕೆಟ್ ಮಾಡಿಸಿದಳು. ಮೊದಲು ತಪ್ಪು ಮೆಟ್ಟಿಲು ಹತ್ತಿ, ಬೇರೆ ಯಾವುದೋ ಕೇರಿ ಸುತ್ತಿ, ಅಂತೂ ಯಾರನ್ನೂ ಕೇಳದೆ ಅಂಗಡಿ ಮುಟ್ಟಿದಳು. ಕುರ್ಚಿಯಲ್ಲಿ ಗಿರಾಕಿ ಇದ್ದ. ಮುದುಕ ಅವಳನ್ನು ನೋಡಿದ, ಬಾಗಿಲಲ್ಲಿದ್ದವರನ್ನು ನೋಡಿದ.

"ಇವತ್ತು ಸರದಿ ಇದೆ ತಾಯಿ. ನಿಮಗಿಂತ ಮುಂಚೆ ಇಬ್ಬರಿದ್ದಾರೆ."

"ಇರಲಿ, ಕಾಯ್ತೀನಿ" ಎಂದಳು. ಹೊರಗೆ ಮೆಟ್ಟಿಲ ಮೇಲೆ ಅವನ ಹೆಂಡತಿ ಅವರೆಕಾಯಿ ಸುಲಿಯುತ್ತಿದ್ದಳು. ಸರಿದು ಜಾಗ ಮಾಡಿಕೊಟ್ಟು, ಬುಟ್ಟಿಯನ್ನು ಇಬ್ಬರ ನಡುವೆ ಇಟ್ಟಳು.