ಪಿಂಗಾಣಿ ಸೂರ

ತ್ರಾಸಿಯ ಸೂರನಿಗೆ ಮೀನು ಮಾರುವುದು ಹೊಟ್ಟೆಪಾಡು, ಕಂಬದ ಪಿಂಗಾಣಿ ಹುಚ್ಚು. ಕರೆಂಟಿನ ತಂತಿ ಕಂಬಕ್ಕೆ ತಾಗದಂತೆ ಹಿಡಿದಿಡುವ ಹಳೇ ಪಿಂಗಾಣಿಗಳು, ಗಾಜಿನವು, ಎಲ್ಲ ಅವನ ಜಗಲಿಯಲ್ಲಿ ಸಾಲಾಗಿ ಕೂತಿದ್ದವು. ಗುಜರಿಯವನು ಕೊಟ್ಟದ್ದು, ಲೈನ್‌ಮ್ಯಾನ್ ಬಿಸಾಡಿದ್ದು, ಸತ್ತ ಕಂಬ ಹತ್ತಿ ತಾನೇ ಬಿಚ್ಚಿದ್ದು. ತಪ್ಪಲ್ಲವೇ ಎಂದು ಕೇಳಬೇಡಿ, ಹುಚ್ಚಿಗೆ ಕಾನೂನು ಎಲ್ಲಿಯದು? ಊರವರು ‘ಪಿಂಗಾಣಿ ಸೂರ’ ಎಂದು ಕರೆದರೆ ಉಬ್ಬಿಹೋಗುತ್ತಿದ್ದ.

ಕಂಬ ಸತ್ತದ್ದೋ ಬದುಕಿದ್ದೋ ಎಂದು ತಿಳಿಯಲು ಅವನಿಗೆ ಕಿವಿಯೇ ಸಾಕಾಗಿತ್ತು. ಕಡಲ ಬದಿಯಲ್ಲಿ ದೊಡ್ಡ ಲೈನಿನ ಕಂಬಗಳು ಚರ್ರ್ ಎನ್ನುತ್ತಲೇ ಇರುತ್ತವೆ. ಉಪ್ಪುಗಾಳಿ ಪಿಂಗಾಣಿಗೆ ಮೆತ್ತಿ, ಅದರ ಮೇಲೆ ಕರೆಂಟು ಹರಿದಾಡುವ ಸದ್ದು ಅದು. ತ್ರಾಸಿಯಲ್ಲಿ ಹುಟ್ಟಿದವರು ಜೋಗುಳದ ಜೊತೆಗೇ ಕೇಳಿ ಬೆಳೆದದ್ದು. ಸದ್ದಿಲ್ಲದಿದ್ದರೆ ಸತ್ತ ಕಂಬ. ಈ ನಂಬಿಕೆಯಲ್ಲೇ ಸೂರ ಇಷ್ಟು ವರ್ಷ ಕೂದಲು ಕೊಂಕದೆ ಬಂದಿದ್ದ.

ಹೆಂಡತಿ ಸರಸಳಿಗೆ ಮಾತ್ರ ಆ ಜಗಲಿ ಕಂಡರೆ ಎದೆ ಢವಢವ. ಅವಳ ತಮ್ಮ ಐತ ಭಾವನ ಜೊತೆ ಮೀನಿನ ಗಾಡಿಯಲ್ಲಿ ಹೋಗುತ್ತಿದ್ದ. ಅಬ್ಬೆ ತೀರಿಹೋದ ಮೇಲೆ ಸರಸಳೇ ಉಣಿಸಿ ಬೆಳೆಸಿದವನು. ಈಗ ಅವನಿಗೆ ಹೆಣ್ಣು ನೋಡುತ್ತಿದ್ದರು.

“ಹ್ವಾಯ್, ನಿಮ್ಗ್ ಸಾಯುಕ್ ಮನಸಿದ್ರೆ ನೀವ್ ಹತ್ತಿ. ನನ್ ತಮ್ಮನ್ನ ಮಾತ್ರ ಹತ್ಸ್‌ಬೇಡಿ. ಹೇಳಿದೆ!” ಎಂದು ದಿನಾ ಒಂದು ಸಲವಾದರೂ ಅನ್ನುವಳು. ಸೂರ ನಗುತ್ತಿದ್ದ.

ಆ ದಿನ ಐತನ ಜೊತೆ ಘಟ್ಟದ ಬುಡದ ಅಮಾಸೆಬೈಲಿನ ಕಡೆ ಬಂಗುಡೆ ಮಾರಿ ಮುಗಿಸಿ ಬರುವಾಗ, ತಿರುವಿನ ಪೊದೆಯೊಳಗೆ ತುಕ್ಕು ಹಿಡಿದ ಕಂಬವೊಂದು ಕಂಡಿತು. ತುದಿಯಲ್ಲಿ ಹಸಿರು ಗಾಜು, ಬಿಸಿಲಿಗೆ ಫಳಫಳ. ಅಂಥದ್ದು ಅವನ ಜಗಲಿಯಲ್ಲಿ ಇರಲಿಲ್ಲ. ರಸ್ತೆ ಬದಿಗೆ ಹೊಸ ಸಿಮೆಂಟು ಕಂಬಗಳು ಸಾಲಾಗಿ ನಿಂತಿದ್ದವು. ಹಾಗಾದರೆ ಇದು ಬಿಟ್ಟ ಲೈನೇ ಸೈ ಎಂದುಕೊಂಡ.

ಹತ್ತೋಣವೆಂದರೆ ಮಂಡಿ ಹಿಡಿದುಕೊಂಡಿತ್ತು. ಸೂರ ಕಂಬಕ್ಕೆ ಕಿವಿ ಒತ್ತಿ ನಿಂತ. ತಣ್ಣಗಿತ್ತು. ಒಂದು ಗುಂಯ್ ಕೂಡ ಇಲ್ಲ.

“ಶಬ್ದವೇ ಇಲ್ಲೆ. ಹತ್ತ್ ಮಾರಾಯ, ಹೆದ್ರಬೇಡ.”

“ಅಕ್ಕ ಬೈತ್ಳ್, ಭಾವ.”

“ಅವ್ಳಿಗ್ ಹೇಳುದ್ ಯಾರ್?”

ಐತ ಹಲ್ಲು ಬಿಟ್ಟು, ಸ್ಪ್ಯಾನರ್ ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತತೊಡಗಿದ. ಗಾಳಿಯೇ ಇರಲಿಲ್ಲ. ಕೆಳಗೆ ನಿಂತ ಸೂರನಿಗೆ ಏನೋ ಕಸಿವಿಸಿ. ಗಾಜಿನ ಆಸೆ ಬೇರೆ. ಇಳಿ ಅನ್ನಲು ಬಾಯಿ ಬರಲಿಲ್ಲ.

ಆಗಷ್ಟೇ ಅವರಿಂದ ಮೀನು ಕೊಂಡಿದ್ದ ಮೇಲಿನ ಮನೆಯ ತುಂಗಾ ಅಂಗಳಕ್ಕೆ ಬಂದವಳು ಕಿರುಚಿದಳು: “ಅಯ್ಯೋ! ಇಳಿ, ಇಳಿ! ಅದ್ರಗೆ ಕರೆಂಟ್ ಇತ್ತ್!”

ಐತ ಆಗಲೇ ಸ್ಪ್ಯಾನರ್ ಎತ್ತಿದ್ದ. ಪಟಾರ್ ಎಂದಿತು. ಮರುಕ್ಷಣ ಸೂರನ ಪಕ್ಕದ ಪೊದೆಗೆ ಅವನು ದೊಪ್ಪನೆ ಬಿದ್ದ.

ತುಂಗಾ ಓಡಿ ಬರುವಷ್ಟರಲ್ಲಿ ಸೂರ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಮಾತು ಗೊಣಗುತ್ತಿದ್ದ: “ಶಬ್ದ ಇರ್ಲಿಲ್ಲೆ. ಕಿವಿ ಕೊಟ್ ಕೇಂಡಿದೆ, ಶಬ್ದ ಇರ್ಲಿಲ್ಲೆ.”

“ಹೊಸ ಕಂಬಕ್ಕೆ ಇನ್ನೂ ಕರೆಂಟ್ ಕೊಡ್ಲಿಲ್ಲೆ. ಇಲ್ಲಿ ಲೈನ್ ಎಂತಕ್ ಶಬ್ದ ಮಾಡತ್ತ್? ಇಲ್ಲೆಂತ ಕಡ್ಲ್ ಇತ್ತಾ?” ಎಂದು ತುಂಗಾ ಅಳುತ್ತಾ ಕೇಳಿದಳು.

ಆಗ ಅವನಿಗೆ ಹೊಳೆಯಿತು. ಘಟ್ಟದ ಬುಡದಲ್ಲಿ ಉಪ್ಪುಗಾಳಿ ಇಲ್ಲ. ಅಲ್ಲಿ ಬದುಕಿದ ಕಂಬವೂ ಸುಮ್ಮನೇ ಇರುತ್ತದೆ.

ಕುಂದಾಪುರದ ಆಸ್ಪತ್ರೆಯಲ್ಲಿ ಡಾಕ್ಟರು ಕೈಚೆಲ್ಲಿದರು. ಸರಸ ಬಂದಳು. ಅತ್ತಾಳೆ, ಎದೆ ಬಡಿದುಕೊಂಡಾಳೆ, ತನ್ನ ಮುಖಕ್ಕೆ ಉಗಿದಾಳೆ ಎಂದು ಸೂರ ಕಾದ. ಹಾಗೇನೂ ಮಾಡಲಿಲ್ಲ. ತಮ್ಮನ ಸುಟ್ಟ ಅಂಗೈಯನ್ನು ತನ್ನ ಸೆರಗಿನಲ್ಲಿ ಸುತ್ತಿದಳು.

“ಅವ್ನಾಗೇ ಹತ್ತಿದ್ನಾ?” ಎಂದು ಕೇಳಿದಳು.

ಹೌದು ಎಂದುಬಿಡಬಹುದಿತ್ತು. ಕಂಬದ ಬುಡದಲ್ಲಿ ಆಡಿದ ಮಾತು ಕೇಳಿಸಿಕೊಂಡವರು ಬೇರಾರೂ ಇರಲಿಲ್ಲ.

“ಇಲ್ಲೆ. ನಾನೇ ಹತ್ತ್ ಅಂದೆ,” ಅಂದ ಸೂರ.

ಸರಸ ಸರಿದು ಕೂತಳು. ಗೋಡೆಗಂಟಿ ನಿಂತ ಗಂಡನ ಕಡೆ ಬೆನ್ನಾಯಿತು. ಹೆಣ ಮನೆಗೆ ಬರುವವರೆಗೂ ಅವಳು ಈಚೆ ತಿರುಗಲಿಲ್ಲ.