ಅತ್ತೆಯ ಎರಡು ಕಣ್ಣು, ಒಂದು ಸೆರಗು

ಅಂದು ಬೆಳಿಗ್ಗೆ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಹಾಲು ಕಾಯಲು ಇಟ್ಟು ಹೊರಗೆ ಬಂದೆ. ಬೆಟ್ಟ ಹತ್ತಲು ಮಾಕಳಿದುರ್ಗದ ಕಡೆ ಹೋಗುವವರ ಬೈಕುಗಳ ಸದ್ದು ಆಗಲೇ ಶುರುವಾಗಿತ್ತು. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕೂತು, ಪಕ್ಕದ ಮನೆಯವಳ ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದರು. ಅವಳ ತಮ್ಮನ ಮದುವೆ ಹತ್ತಿರವಿತ್ತು. ಸಂಜೆಗೆ ಸೀರೆ ಕೊಡಬೇಕು.

ಬಲಗಣ್ಣಿನ ಪೊರೆ ತೆಗೆಸಿದ ಮೇಲೆ ಅತ್ತೆ ಕೈಗೆತ್ತಿಕೊಂಡ ಮೊದಲ ಸೀರೆ ಅದು. ಎಡಗಣ್ಣಿನ ಪೊರೆ ಇನ್ನೂ ಹಾಗೇ ಇತ್ತು. ಈ ಸೀರೆಯ ಕೆಲಸ ಕೆಟ್ಟರೆ ಬೀದಿಯಲ್ಲಿ ಇನ್ಯಾರೂ ತಮಗೆ ಸೀರೆ ಕೊಡುವುದಿಲ್ಲ ಎಂಬ ಅಳುಕು ಅವರಿಗಿತ್ತು. ದಾರವನ್ನು ಆಪರೇಷನ್ನಿಗೆ ಮುಂಚೆಯೇ ಆರಿಸಿಟ್ಟಿದ್ದರು.

"ಅತ್ತೆ, ಸೀರೆ ನೀಲಿ ಅಲ್ವಾ? ದಾರ ಹಸಿರಾಗಿದೆ."

"ಕಾನ್ವೆಂಟ್‌ನಲ್ಲಿ ಬಣ್ಣಕ್ಕೂ ಮಾರ್ಕ್ಸ್ ಕೊಡ್ತಿದ್ರೇನೋ. ನವಿಲಿನ ಬಣ್ಣ ಕಣಮ್ಮ ಅದು. ಅದಕ್ಕೆ ಇದೇ ದಾರ."

ನಾನು ಹಾಲು ಇಳಿಸಲು ಒಳಗೆ ಹೋದೆ. ಶಾಲೆಯಲ್ಲಿ ಸಿಸ್ಟರ್ ಹೇಳಿಕೊಟ್ಟ ಹೆಸರುಗಳಲ್ಲೇ ನಾನು ಬಣ್ಣ ನೋಡುತ್ತೇನೆ. ಅತ್ತೆ ಹಕ್ಕಿ, ಕಾಯಿ, ಹೂಗಳ ಹೆಸರಲ್ಲಿ. ನನ್ನ ನೀಲಿಯೇ ನಿಜ ಎನ್ನಲು ನಾನ್ಯಾರು ಅನ್ನಿಸಿತು.

ತುಸು ಹೊತ್ತಿಗೆ ಅವರೇ ಕರೆದರು. ಕನ್ನಡಕ ತೆಗೆದು, ಸೆರಗನ್ನು ಜಗಲಿಯಂಚಿನ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚುತ್ತಾ ಇನ್ನೊಂದು ತೆರೆಯುತ್ತಾ ನಿಂತಿದ್ದರು.

"ಎಡಗಣ್ಣಿಗೆ ಸೀರೆ, ದಾರ ಎರಡೂ ಒಂದೇ. ಬಲಗಣ್ಣಿಗೆ ಬೇರೆ ಬೇರೆ. ಯಾವ ಕಣ್ಣನ್ನ ನಂಬ್ಲಿ ಹೇಳು."

ಆ ಬಣ್ಣದ ಹೆಸರು ಏನೇ ಇರಲಿ, ಎರಡೂ ಒಂದಲ್ಲ ಎಂಬುದಕ್ಕೆ ಹೆಸರು ಬೇಕಿರಲಿಲ್ಲ.

"ಬೇರೆ ಅಂತ ತಿಳಿಯೋ ಕಣ್ಣನ್ನ ನಂಬಿ ಅತ್ತೆ."

"ನಿನ್ನ ಕಣ್ಣಿಗೂ ಪೊರೆ ಬಂದಿದ್ರೆ?"

"ಬಂದಿರಬಹುದು. ಅದಕ್ಕೇ ಅಲ್ವಾ ಇಬ್ರೂ ಬೆಳಕಿಗೆ ತಂದು ನೋಡ್ತಿರೋದು."

ಅತ್ತೆ ನಕ್ಕರು. ಕಟ್ಟಿದ್ದ ಕುಚ್ಚನ್ನೆಲ್ಲ ತಾವೇ ಬಿಚ್ಚಿದರು. ದಾರದ ಡಬ್ಬಿಯಿಂದ ಒಂದೊಂದೇ ಎಳೆ ತೆಗೆದು ಸೆರಗಿನ ಮೇಲಿಟ್ಟೆವು. ಒಂದು ಎಳೆ ಅವರ ಬಲಗಣ್ಣಿಗೂ ನನ್ನ ಕಣ್ಣಿಗೂ ಸೀರೆಯಲ್ಲೇ ಕರಗಿಹೋಯಿತು. ನಾನು ಅದನ್ನು ನೀಲಿ ಎಂದೆ, ಅವರು ನವಿಲು ಎಂದರು. ಊಟ ಮಾಡಿದ್ದೇ ಮತ್ತೆ ಕಟ್ಟಲು ಕೂತರು.

ಸಂಜೆ ಪಕ್ಕದ ಮನೆಯವಳು ಬಂದು ಕುಚ್ಚಿನ ಮೇಲೆ ಬೆರಳಾಡಿಸಿದಳು. ಅತ್ತೆ ಅವಳ ಮುಖವನ್ನೇ ನೋಡುತ್ತಿದ್ದರು. ತಡೆಯಲಾರದೆ ಬೆಳಗಿನ ಕಥೆಯನ್ನೆಲ್ಲ ಹೇಳಿಬಿಟ್ಟರು.

ಅವಳು ಸೀರೆ ಮಡಿಸುತ್ತಲೇ ಅಂದಳು: "ಅಯ್ಯೋ, ಛತ್ರದ ಹಳದಿ ಲೈಟಲ್ಲಿ ಎಲ್ಲಾ ಒಂದೇ ಥರ ಕಾಣೋದು ಬಿಡಿ ದೊಡ್ಡಮ್ಮ. ಅಮ್ಮಂದೂ ಒಂದು ಸೀರೆ ಐತೆ, ಈಗ್ಲೇ ತರ್ಲಾ?"