ಬಾಲದೊಳಗಿನ ಸಪ್ಪಳ

ಆ ದಿನ ಶಿಗ್ಗಾಂವದ ಗೋದಾಮಿನಲ್ಲಿ ಇದ್ದವರು ನಾವು ಮೂವರು: ಅಣ್ಣ, ನಾನು ಮತ್ತು ಸವಣೂರಿನಿಂದ ಬರುತ್ತಿದ್ದ ಅಣ್ಣನ ಗೆಳೆಯ. ಮೆಕ್ಕೆಜೋಳದ ಚೀಲಗಳನ್ನು ಒಂದು ಗೋಡೆಗೆ ಒತ್ತರಿಸಿ, ಉಳಿದ ಜಾಗದಲ್ಲಿ ಅಣ್ಣ ಎರಡು ಸೀಟಿನ ಅಲ್ಯೂಮಿನಿಯಂ ವಿಮಾನ ಕಟ್ಟುತ್ತಿದ್ದ. ವಿಮಾನ ರಿಪೇರಿಯಲ್ಲೇ ನೌಕರಿ ಮುಗಿಸಿದವನು. ತಾನೇ ಕಟ್ಟಿದ್ದರಲ್ಲಿ ಒಮ್ಮೆ ಹಾರಬೇಕೆಂಬ ಹಟ. ಮೊದಲು ಬಾಲದ ಕೆಲಸ. ಗೆಳೆಯ ತಗಡಿನ ಟ್ರಂಕು ಮಾಡುವ ಮನೆಯವನು. ಅಣ್ಣ ಹೊರಗಿನಿಂದ ತಗಡು ಜೋಡಿಸುವ ರಿವೆಟ್ ಬಡಿದರೆ, ಅವನು ಒಳಗೆ ಕೈ ಹಾಕಿ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯುತ್ತಿದ್ದ. ನನ್ನದು ಬ್ಯಾಟರಿ ಹಿಡಿಯುವ ಕೆಲಸ.

ಬಾಲದ ಹಿಂದೆ ಮೇಲೆ ಕೆಳಗೆ ಆಡುವ, ತಗಡು ಹೊದಿಸಿದ ಹಲಗೆಯೊಂದು ಇರುತ್ತದೆ. ವಿಮಾನ ಮೂತಿ ಎತ್ತುವುದು, ಇಳಿಸುವುದು ಅದರಿಂದಲೇ. ಅದರ ಕೊನೆಯ ರಿವೆಟ್ ಬಿಗಿದು, ತಿರುವಿ ಹಾಕಲು ಎತ್ತಿದೆವು. ಒಳಗೆ ಲೊಟಕ್ ಎಂದಿತು.

ಇಳಿಸಿ ಮತ್ತೆ ಎತ್ತಿದೆವು. ಲೊಟಕ್.

"ಏನೋ ಬಿದ್ದೈತಿ ಒಳಗ," ಎಂದ ಅಣ್ಣ. ಅವನ ಕಣ್ಣು ಗೆಳೆಯನ ಅಂಗಿಯ ಕಿಸೆಯ ಮೇಲಿತ್ತು. ಅದರಲ್ಲಿ ಸದಾ ಟ್ರಂಕಿನ ಮೊಳೆಗಳು, ಅವುಗಳ ಜೊತೆಗೆ ಬಾಯಾಡಿಸಲು ಸವಣೂರಿನ ಖಾರದ ಪೊಟ್ಟಣ.

"ಯಾಕ ಹಂಗ ನೋಡ್ತಿ? ನನ್ನ ಮೊಳಿ ನನ್ನ ಕಡೆ ಅದಾವ."

"ಎಲ್ಲಾ ಅದಾವೇನು?"

"ಮೊಳಿ ಎಣಿಸಿ ತಂದಿಲ್ಲಪಾ. ಖಾರಾನೂ ಎಣಿಸಿ ಕೊಡ್ಲೇನು?"

ನಾನು ನಕ್ಕೆ. ಅವರು ನಗಲಿಲ್ಲ. ಒಳಗೆ ಏನಾದರೂ ಉರುಳಾಡುತ್ತಿದ್ದರೆ ಹಲಗೆಯ ತೂಕ ತಪ್ಪುತ್ತದೆ, ಮೇಲೆ ಹೋದಾಗ ಬಾಲ ಅದುರಿ ಮುರಿಯಲೂಬಹುದು. ಬಿಚ್ಚಿದರೆ ಅಷ್ಟು ದಿನದ ಕೆಲಸ ಹಾಳು. ಬಿಚ್ಚದಿದ್ದರೆ, ಅದರಲ್ಲಿ ಕೂತು ಹಾರುವವನು ಅಣ್ಣನೇ.

ಗೆಳೆಯ ಮರುದಿನ ಬರಲಿಲ್ಲ. ಮದುವೆ ಟ್ರಂಕುಗಳ ಕೆಲಸ ಬಂದಿದೆ ಎಂದು ಫೋನಿನಲ್ಲಿ ಹೇಳಿದ. ಅಣ್ಣ ಅದನ್ನೂ ನಂಬಲಿಲ್ಲ. "ತಪ್ಪ ಮಾಡಿದಾವ ದೂರ ಇರ್ತಾನ," ಎಂದ. ಸಂಜೆಯ ಹೊತ್ತಿಗೆ ನನ್ನ ಕಿಸೆಯನ್ನೂ ನೋಡತೊಡಗಿದ. ನನ್ನ ಪೆನ್ನು ಬೇರೆ ಕಾಣುತ್ತಿರಲಿಲ್ಲ. ನನಗೇ ನನ್ನ ಮೇಲೆ ಅನುಮಾನ ಬಂತು. ಮನೆಗೆ ಬಂದು ನೋಡಿದರೆ ಗೂಟಕ್ಕೆ ಹಾಕಿದ ಅಂಗಿಯಲ್ಲಿ ಪುಣ್ಯಕ್ಕೆ ಸಿಕ್ಕಿತು.

ಆ ವಾರ ಹಿರೇಕೆರೂರಿನಿಂದ ಅತ್ತೆ ಬಂದಳು. ತಗಡು ಹೊದಿಸುವ ಮೊದಲು, ಹಲಗೆಯ ಬರೀ ಹಂದರ ನಿಂತಾಗ ನಮ್ಮಲ್ಲೇ ಇದ್ದು ಹೋದವಳು. ಸಪ್ಪಳದ ಕಥೆ ಕೇಳಿ ರೊಟ್ಟಿಯ ಬುತ್ತಿ ಕೆಳಗಿಟ್ಟಳು.

"ಅದು ನಂದ ಇರಬೇಕ ತಮ್ಮಾ. ಅರಿಷಿಣ ಕೊಂಬು."

"ಅಲ್ಲಿಗೆ ಹೆಂಗ ಹೋತು ಅತ್ತಿ?"

"ಹೊಸಾ ಮನಿ ಚೌಕಟ್ಟ ನಿಂದ್ರಸೂ ಮುಂದ ಕಟ್ಟೂದಿಲ್ಲೇನು? ನೀವು ಚಾ ಕುಡ್ಯಾಕ ಹೋಗಿದ್ರಿ, ಕಟ್ಟಿದೆ. ಕೇಳಿದ್ರ ನೀ ಬಿಡ್ತಿದ್ದೇನು?"

"ಕಣ್ಣಿಲೆ ನೋಡಿದ ಹೊರತು ನಂಬೂದಿಲ್ಲ," ಎಂದು ಅಣ್ಣ ರಿವೆಟ್‌ಗಳನ್ನು ಕೊರೆದು ತೆಗೆದ. ತಗಡು ಸರಿಸಿದರೆ ಅರಿಶಿನದ ಕೊಂಬು. ತಗಡಿನ ಅಂಚಿಗೆ ತಿಕ್ಕಿ ದಾರ ಹರಿದಿತ್ತು.

ಅದನ್ನು ಕಿಸೆಯಲ್ಲಿಟ್ಟುಕೊಂಡು ಅಣ್ಣ ಸವಣೂರಿನ ಬಸ್ಸು ಹತ್ತಿದ. ನಾನೂ ಹೋದೆ. ಗೆಳೆಯ ನಿಜವಾಗಿಯೂ ಮದುವೆಯ ಟ್ರಂಕುಗಳ ನಡುವೆಯೇ ಕೂತಿದ್ದ. ಅಣ್ಣ ಕೊಂಬನ್ನು ಅವನ ಮುಂದಿಟ್ಟ.

"ಅರಿಷಿಣ ತಂದೀ, ಯಾರ ಮದಿವಿಗೆ ಕರ್ಯಾಕ ಬಂದಿ?"

"ಅತ್ತಿ ಕಟ್ಟಿದ್ಲು. ನಾ ಸುಮ್ಮನ ತಪ್ಪ ನಿನ್ನ ಮ್ಯಾಲ ಹಾಕಿದೆ. ಬಾರೋ."

ಗೆಳೆಯ ಸುತ್ತಿಗೆ ಕೆಳಗಿಡಲಿಲ್ಲ. "ಈ ಟ್ರಂಕು ಮುಗೀಲಿ," ಎಂದ.

ಟ್ರಂಕು ಮುಗಿಸಿ ಗೋದಾಮಿಗೆ ಬಂದ. ಯಾರೂ ಕೇಳುವ ಮೊದಲೇ ಕಿಸೆಯನ್ನು ಮೇಜಿನ ಮೇಲೆ ಬರಿದು ಮಾಡಿ, ಅಣ್ಣನ ಕಿಸೆಯ ಕಡೆ ಬೆರಳು ತೋರಿಸಿದ. ಅಣ್ಣ ತನ್ನದನ್ನೂ ಬರಿದು ಮಾಡಿದ. ಅತ್ತೆ ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಆಮೇಲೆ ಹಲಗೆಯನ್ನು ಮತ್ತೆ ಮುಚ್ಚಿ, ಎತ್ತಿ ತಿರುವಿದೆವು. ಸಪ್ಪಳ ಬರಲಿಲ್ಲ.

"ಇನ್ನೊಮ್ಮಿ," ಎಂದು ಗೆಳೆಯನೇ ಹಲಗೆಗೆ ಕಿವಿ ಹಚ್ಚಿದ. ಇನ್ನೊಮ್ಮೆ ತಿರುವಿದೆವು.